ಇಳಿಜಾರಿಗೆ ಚಾರ್ಜಿಲ್ಲ

ನಮ್ಮೂರಿನಿಂದ ಬೆಳಗೋಡಿಗೆ ಇಳಿಯುವ ರಸ್ತೆಯಲ್ಲಿ ಜೀಪುಗಳು ಸದ್ದು ಮಾಡುವುದನ್ನು ಬಿಟ್ಟ ವರ್ಷ ಅದು. ಬೆಳಗಿನ ಮಂಜಿನಲ್ಲಿ ರಸ್ತೆಯಂಚಿಗೆ ನಡೆದು ಹೋಗುತ್ತಿದ್ದರೆ ಹಿಂದಿನಿಂದ ತಣ್ಣನೆಯ ಗಾಳಿಯೊಂದು ಬಂದು ಮೊಣಕೈಗೆ ತಾಗುತ್ತಿತ್ತು. ಏನೆಂದು ತಿರುಗುವಷ್ಟರಲ್ಲಿ ಜೀಪು ಪಕ್ಕದಲ್ಲೇ ಇರುತ್ತಿತ್ತು. ಎಂಜಿನ್ನಿಗೆ ಉಸಿರಿಲ್ಲ, ಟಯರಿನ ಕೆಳಗೆ ಜಲ್ಲಿಯ ಕಿರುಗುಟ್ಟು ಮಾತ್ರ. ಒಳಗೆ ಒತ್ತೊತ್ತಾಗಿ ಕೂತವರೆಲ್ಲ ನಮ್ಮವರೇ. ಒಬ್ಬರೂ ಮಾತಾಡುವುದಿಲ್ಲ, ಕೈಯೆತ್ತುವುದಿಲ್ಲ, ನಗುವುದಿಲ್ಲ. ಒಂದರ ಪಕ್ಕ ಒಂದು ಮುಖಗಳು ತೇಲಿ ಹೋಗಿ ತಿರುವಿನಲ್ಲಿ ಅಳಿಸಿಹೋಗುತ್ತಿದ್ದವು.

ಹೊಸಬರು ನೋಡಿದ್ದರೆ ಮನೆಗೆ ಹೋಗಿ ಜ್ವರ ಬಂದು ಮಲಗುತ್ತಿದ್ದರು. ನಮಗೆ ಗೊತ್ತಿತ್ತು, ಅದು ಡೀಸೆಲ್ ರೇಟಿನ ಕೆಲಸ. ವಾರ್ತೆಯಲ್ಲಿ ಮತ್ತೆ ರೇಟು ಏರಿತೆಂದು ಕೇಳಿದ ದಿನವೇ ನಮ್ಮ ಪಕ್ಕದ ತೋಟದವನು, ಊರೆಲ್ಲ ಜೀಪಿನ ಅಣ್ಣ ಎಂದು ಕರೆಯುವವನು, ಊರ ಮೇಲಿನ ಏರು ಮುಗಿದ ಜಾಗದಲ್ಲಿ ಕೀಲಿ ತಿರುಗಿಸಿ ಎಂಜಿನ್ ಆಫ್ ಮಾಡಿದ. ಜೀಪು ತನ್ನ ಪಾಡಿಗೆ ಇಳಿಯಿತು. ಕೆಳಗಿನ ಸೇತುವೆ ಬಂದಾಗ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಒಂದು ಸಲ ಕೆಮ್ಮಿ ಸ್ಟಾರ್ಟಾಯಿತು. ಅವತ್ತಿನಿಂದ ಎಲ್ಲರದೂ ಅದೇ ಪದ್ಧತಿ. ಅದಕ್ಕೊಂದು ಕಟ್ಟಳೆಯೂ ಹುಟ್ಟಿಕೊಂಡಿತು: ಇಳಿಯುವಾಗ ಜೀಪಿನಲ್ಲಿ ಯಾರೂ ಮಾತಾಡುವಂತಿಲ್ಲ. ಕೆಳಗಿನಿಂದ ಲಾರಿ ಬರುತ್ತಿದೆಯೇ ಎಂಬುದು ಮಂಜಿನಲ್ಲಿ ಕಣ್ಣಿಗೆ ಕಾಣುವುದಿಲ್ಲ, ಕಿವಿಗೇ ಕೇಳಬೇಕು.

"ಬಾಯಿ ಮುಚ್ಕೊಂಡ್ ಕೂತ್ಕೋ ಮಾರಾಯ. ನನ್ ಬ್ರೇಕು ಕಾಲಲ್ಲಿಲ್ಲ, ಕಿವೀಲೈತೆ" ಎಂದು ಜೀಪಿನ ಅಣ್ಣ ಮೊದಲು ಹೇಳಿದ್ದು ನನಗೆ. ಬೇರೆ ಯಾರಿಗೆ ಹೇಳುತ್ತಾನೆ? ಊರಿನಲ್ಲಿ ಬಾಯಿಯನ್ನೇ ಕಸುಬು ಮಾಡಿಕೊಂಡಿದ್ದವನು ನಾನೊಬ್ಬನೇ. ಪಿಯುಸಿಯಲ್ಲಿ ಎರಡು ಸಲ ಫೇಲಾಗಿ, ಮೂರನೆಯ ಸಲಕ್ಕೆ ಹೋಗಿ ಮೇಷ್ಟ್ರುಗಳಿಗೆ ಯಾಕೆ ತೊಂದರೆ ಎಂದು ಮನೆಯಲ್ಲಿದ್ದೆ. ಆ ಮೇಷ್ಟ್ರುಗಳನ್ನೂ ಸೇರಿಸಿ ಸುತ್ತಿನ ಎಲ್ಲರ ದನಿ ನನ್ನ ಗಂಟಲಿನಲ್ಲಿತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಲೈನು ಮನೆಗಳ ಮುಂದೆ ನಿಂತು ಆಳುಗಳನ್ನು ಕೂಗುವುದು, ಕಡೇಮನೆ ಅಜ್ಜಿ ಕೋಳಿಗೆ ಬೈಯುವುದು, ಜೀಪಿನ ಅಣ್ಣ ಆಕಾಶ ನೋಡಿ ಸೀನುವುದು. ನಮ್ಮಪ್ಪನ ದನಿಯಲ್ಲಿ ಅಮ್ಮನನ್ನು ಕರೆದರೆ ಅಮ್ಮ ಕಾಫಿ ಹಿಡಿದು ಬರುತ್ತಿದ್ದಳು. ನನ್ನ ಸ್ವಂತ ದನಿ ಯಾವುದೆಂದು ಮಾತ್ರ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಸುಳ್ಳು ಹೇಳುವಾಗ ಅಕ್ಕ ಗುರುತು ಹಿಡಿಯುತ್ತಿದ್ದಳು, ಬಹುಶಃ ಆಗ ಬರುತ್ತಿದ್ದುದು ನನ್ನದೇ.

ಆ ಅಕ್ಕನ ವಿಷಯ ಹೇಳುವುದಕ್ಕೇ ಇಷ್ಟು ಪೀಠಿಕೆ. ಅವಳು ಸಕಲೇಶಪುರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ವರ್ಷವಾಗುತ್ತಾ ಬಂದಿತ್ತು. ಅಲ್ಲಿಗೆ ಜನ ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ, ಎಂಟು ಗಂಟೆಗೆ ಸೂಜಿ ಚುಚ್ಚದಿದ್ದರೆ ಹಸಿವಿಗೆ ಬೈಯಲು ಶುರು ಮಾಡುತ್ತಾರೆ. "ಇನ್ನು ಲೇಟಾದ್ರೆ ಬೇರೆ ಹುಡುಗಿ ನೋಡ್ಕೋತೀನಮ್ಮ" ಎಂದು ಲ್ಯಾಬಿನ ಡಾಕ್ಟರು ಹೇಳಿಯಾಗಿತ್ತು. ಅಪ್ಪ ಕಾಯುತ್ತಿದ್ದುದು ಅದನ್ನೇ. "ಕೆಲ್ಸ ಹೋದ್ರೆ ಹೋಗ್ಲಿ ಬಿಡು, ಮನೇಲಿರು, ಗಂಡು ನೋಡ್ತೀನಿ" ಎನ್ನುತ್ತಿದ್ದರು. ಅಕ್ಕ ಮಾರನೆಯ ದಿನದ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು.

ಅವಳ ಕಷ್ಟಕ್ಕೆಲ್ಲ ಕಾರಣ ಊರಿಗೆ ಬಸ್ಸಿಲ್ಲದಿರುವುದು; ಜೀಪುಗಳು ಹೊರಡುವುದಕ್ಕೆ ಹೊತ್ತುಗೊತ್ತಿರಲಿಲ್ಲ. ಬಸ್ಸು ಹೋಗಲು ಕಾರಣ ನಮ್ಮಪ್ಪನಂಥವರು. ಕಾಫಿಗೆ ಒಳ್ಳೆಯ ರೇಟು ಬಂದ ಕೆಲವು ವರ್ಷ ನಮ್ಮ ಕಡೆ ಅಂಗಳದಲ್ಲಿ ಕಾಫಿಯ ಬದಲು ದುಡ್ಡನ್ನೇ ಒಣಗಲು ಹರಡಿದ ಹಾಗಿತ್ತು. ದೊಡ್ಡ ತೋಟದವರು ಕಾರು ತಂದರು, ನಡುವಿನವರು ಜೀಪು ತಂದರು, ನಾವು ಸಣ್ಣವರು ಸೆಕೆಂಡ್ ಹ್ಯಾಂಡ್ ವ್ಯಾನು ತಂದೆವು. ಅಪ್ಪ ವೀಳ್ಯದೆಲೆಗೂ ವ್ಯಾನಿನಲ್ಲಿ ಹೋಗುತ್ತಿದ್ದರು. ಬಸ್ಸು ಎದುರು ಬಂದರೆ ಹಾರ್ನ್ ಹೊಡೆದು, ಒಳಗಿದ್ದವರಿಗೆ ಕೈ ಬೀಸಿ ಬರುತ್ತಿದ್ದರು. ಕೈ ಬೀಸಿಸಿಕೊಂಡವರೂ ಒಬ್ಬೊಬ್ಬರಾಗಿ ಏನಾದರೊಂದು ಕೊಂಡರು. ಹತ್ತುವವರಿಲ್ಲದೆ ಬಸ್ಸು ನಿಂತಿತು, ಯಾರಿಗೂ ಬೇಜಾರಾಗಲಿಲ್ಲ. ಆಮೇಲೆ ಕಾಫಿ ಬಿತ್ತು, ಪೆಟ್ರೋಲು ಎದ್ದಿತು. ನಮ್ಮ ವ್ಯಾನು ಕಾಫಿ ತುಂಬಿಡುವ ಸ್ಟೋರಿನ ಪಕ್ಕ ಟಾರ್ಪಾಲು ಹೊದ್ದು ಕೂತಿತು. ಅಪ್ಪ ಸಂಜೆ ಹೊತ್ತು ಟಾರ್ಪಾಲಿನ ಒಂದು ತುದಿ ಎತ್ತಿ ಒಳಗೆ ಹೋಗಿ, ಸ್ಟೇರಿಂಗಿನ ಮೇಲೆ ಎರಡು ಕೈಯಿಟ್ಟು ಸುಮ್ಮನೆ ಕೂರುತ್ತಿದ್ದರು. ಒಂದು ದಿನ ಕರೆಯಲು ಹೋದವನು ನೋಡಿದೆ, ಕತ್ತಲೆಯಲ್ಲಿ ಅವರ ಕಾಲು ಕ್ಲಚ್ಚು ಒತ್ತಿ ಬಿಡುತ್ತಿತ್ತು. ಕರೆಯದೆ ವಾಪಸು ಬಂದೆ. ನಾನು ಅನುಕರಿಸದೆ ಬಿಟ್ಟ ಕೆಲವೇ ದೃಶ್ಯಗಳಲ್ಲಿ ಅದೊಂದು.

ಅಕ್ಕ ಯಾರ ಯಾರಿಂದಲೋ ಸಹಿ ಹಾಕಿಸಿ, ಡಿಪೋಗೆ ಓಡಾಡಿ, ಕೊನೆಗೆ ಬಸ್ಸು ತಂದೇ ತಂದಳು. ಪರೀಕ್ಷೆಗೆಂದು ಸ್ವಲ್ಪ ದಿನ ಬಿಡುತ್ತಾರೆ, ಜನ ಹತ್ತಿದರೆ ಕಾಯಂ, ಹತ್ತದಿದ್ದರೆ ಬಂದ್. ಬೆಳಿಗ್ಗೆ ಏಳಕ್ಕೆ ನಮ್ಮೂರಿನಿಂದ ಇಳಿಯುವುದು, ಸಂಜೆ ಸಕಲೇಶಪುರದಿಂದ ಹತ್ತಿ ಬರುವುದು. ಅಕ್ಕನಿಗೆ ಎರಡೂ ಬೇಕಿತ್ತು, ಸಂಜೆಯದು ಇನ್ನೂ ಹೆಚ್ಚು. ಜೀಪುಗಳು ಸಂಜೆ ಪೇಟೆಯಲ್ಲಿ ತುಂಬುವವರೆಗೆ ಹೊರಡುವುದಿಲ್ಲ. ಏರಿಗೆ ಎಂಜಿನ್ ಹಾಕಲೇಬೇಕು, ಅರ್ಧ ಜೀಪಿಗೆ ಡೀಸೆಲ್ ಸುಡುವವರು ಯಾರು? ತುಂಬುವ ಹೊತ್ತಿಗೆ ಕತ್ತಲಾಗುತ್ತಿತ್ತು, ಒಳಗಿದ್ದವರಲ್ಲಿ ಅರ್ಧ ಜನವೂ ಕುಡಿದು ತುಂಬಿಕೊಂಡಿರುತ್ತಿದ್ದರು.

ಮೊದಲ ದಿನ ಊರೆಲ್ಲ ಬಂದು ಬಸ್ಸಿಗೆ ಹೂವು ಹಾಕಿತು. ಎರಡನೆಯ ದಿನವೂ ಜನ ನಿಂತಿದ್ದರು. ಅಷ್ಟರಲ್ಲಿ ಮಂಜಿನೊಳಗಿಂದ ಜೀಪಿನ ಅಣ್ಣ ಸದ್ದಿಲ್ಲದೆ ಬಂದು ನಿಂತ.

"ಬರ್ರೀ, ಬರ್ರೀ. ನಾನ್ ಹೆಂಗಿದ್ರೂ ಇಳೀತಿದೀನಿ."

"ಇಲ್ಲ ಕಣಪ್ಪ, ಬಸ್ಸು ಬರ್ತೈತೆ" ಎಂದಳು ಕಡೇಮನೆ ಅಜ್ಜಿ.

"ಬಸ್ಸಿಗ್ ಯಾಕಜ್ಜಿ ದುಡ್ಡು ಕೊಟ್ಟೀಯ? ನಂದು ಇಳಿಜಾರಿಗೆ ಚಾರ್ಜಿಲ್ಲ. ಎಂಜಿನ್ನೇ ಓಡಲ್ಲ, ಏನಂತ ಕೇಳ್ಲಿ ನಿನ್ನ?"

ಅವನ ಮನಸ್ಸಿನಲ್ಲಿ ಕೇಡಿರಲಿಲ್ಲ, ಅದೇ ತೊಂದರೆ. ಕೇಡಿದ್ದರೆ ಬೈದು ಕಳಿಸಬಹುದಿತ್ತು. ಪುಕ್ಕಟೆ ಕರೆಯುವವನಿಗೆ ಇಲ್ಲವೆನ್ನಲು ನಮ್ಮ ಕಡೆಯವರಿಗೆ ಬರುವುದಿಲ್ಲ. ಅಜ್ಜಿ ಹತ್ತಿದಳು, ಅವಳ ಹಿಂದೆ ಒಬ್ಬೊಬ್ಬರೂ ಹತ್ತಿದರು. ಬೆಳಿಗ್ಗೆ ಅವನ ಜೀಪಿನಲ್ಲಿ ಸುಮ್ಮನೆ ಇಳಿದು, ಸಂಜೆ ಅವನ ಕಣ್ಣೆದುರಿಗೇ ಬಸ್ಸು ಹತ್ತುವುದಕ್ಕೆ ಮುಖ ಬೇಕಲ್ಲ? ದಾಕ್ಷಿಣ್ಯಕ್ಕೆ ಸಂಜೆಯೂ ಅವನಲ್ಲೇ, ಬಸ್ಸಿಗಿಂತ ಜಾಸ್ತಿ ಚಾರ್ಜು ಕೊಟ್ಟು, ಕತ್ತಲವರೆಗೂ ಕಾದು. ಈ ಲೆಕ್ಕ ತಪ್ಪೆಂದು ನಾನು ಊರಿನಲ್ಲಿ ಒಬ್ಬೊಬ್ಬರಿಗೂ ಹೇಳಿದೆ. ನನ್ನ ಮಾತು ಕೇಳಿ ಎಲ್ಲರೂ ನಕ್ಕರು. ಯಾರ ದನಿಯಲ್ಲಿ ಹೇಳುತ್ತಿದ್ದಾನೆಂದು ಗುರುತು ಹಿಡಿಯುವುದರಲ್ಲೇ ಅವರಿಗೆ ಖುಷಿ.

ಹೀಗೆ ಬಸ್ಸಿಗೆ ಉಳಿದವರು ಇಬ್ಬರು, ಅಕ್ಕ ಮತ್ತು ನಾನು. ನನಗೆ ಪೇಟೆಯಲ್ಲಿ ಮೂರು ಕಾಸಿನ ಕೆಲಸವಿರಲಿಲ್ಲ. "ತಲೆ ಲೆಕ್ಕಕ್ಕಾದ್ರೂ ಬಾರೋ, ನಿನ್ ತಲೆ ಬೇರೆ ಯಾವುದಕ್ಕೂ ಆಗಲ್ಲ" ಎಂದು ಅಕ್ಕ ದಿನಾ ಎಬ್ಬಿಸಿ ಕರೆದೊಯ್ಯುತ್ತಿದ್ದಳು.

ಆ ಬಸ್ಸಿನೊಳಗೆ ಕಂಡಂಥದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಲೈಟು ಉರಿಯುತ್ತಿತ್ತು, ಎಲ್ಲಾ ಸೀಟುಗಳೂ ಖಾಲಿ. ಗಾಜಿನ ಹೊರಗೆ ಬಿಳಿ ಗೋಡೆಯಂಥ ಮಂಜು. ಡ್ರೈವರು ಪ್ರತಿ ಸ್ಟಾಪಿನಲ್ಲೂ ನಿಲ್ಲಿಸುತ್ತಿದ್ದ, ನಿಲ್ಲಿಸಲೇಬೇಕೆಂಬ ರೂಲು. ಕಂಡಕ್ಟರು ಬಾಗಿಲು ತೆಗೆದು ಹೊರಗಿನ ಬಿಳುಪಿಗೆ "ಬರ್ರೀ, ಹತ್ರೀ" ಎಂದು ಕೂಗುತ್ತಿದ್ದ. ಯಾರೂ ಇರುತ್ತಿರಲಿಲ್ಲ. ಆದರೂ ಹತ್ತುವವರಿಗೆ ಬೇಕಾಗುವಷ್ಟು ಹೊತ್ತು ಬಾಗಿಲು ಹಿಡಿದು ನಿಂತು, ಪಕ್ಕಕ್ಕೆ ಸರಿದು ದಾರಿಬಿಟ್ಟು, ಆಮೇಲೆ ಹಾಕುತ್ತಿದ್ದ. ಗುಂಡಿಯಲ್ಲಿ ಬಸ್ಸು ಕುಣಿದಾಗ ಮಾಡಿನ ಉದ್ದಕ್ಕೂ ಕಟ್ಟಿದ್ದ ಹಗ್ಗ ತಾನೇ ಜಗ್ಗಿ ಗಂಟೆ ಟಣ್ ಎನ್ನುತ್ತಿತ್ತು. ಡ್ರೈವರು ಅಭ್ಯಾಸಬಲದಿಂದ ಬ್ರೇಕ್ ಹಾಕುತ್ತಿದ್ದ. ನಾವು ನಾಲ್ವರೂ ಹಿಂದಕ್ಕೆ ತಿರುಗಿ ನೋಡುತ್ತಿದ್ದೆವು. ಇಳಿಯುವವರು ಇಳಿದಾದ ಮೇಲೆ ಎಂಬಂತೆ ಕಂಡಕ್ಟರು ಮೆಲ್ಲಗೆ "ರೈಟ್" ಎನ್ನುತ್ತಿದ್ದ.

"ಇಲ್ಲಿ ಯಾರಪ್ಪ ಇಳಿದಿದ್ದು?" ಎಂದು ಒಂದು ದಿನ ನಾನು ಕೇಳಿದೆ.

"ನೀನ್ ಕೇಳ್ಬೇಡ, ನಾನ್ ಹೇಳಲ್ಲ" ಎಂದ ಕಂಡಕ್ಟರು. "ಹಾಸನದ ಕಡೆ ರೂಟಲ್ಲಿ ಕಾಲಿಡಕ್ಕೆ ಜಾಗ ಇರ್ತಿರ್ಲಿಲ್ಲ. ಇಲ್ಲಿಗ್ ಬಂದ್ಮೇಲೆ ನಂಗೆ ರಾತ್ರಿ ಕನಸಲ್ಲೂ ಬರೀ ಸೀಟೇ ಬರ್ತವೆ ಕಣೋ."

ಅವನನ್ನು ನಗಿಸೋಣವೆಂದು ಶುರು ಮಾಡಿದೆ. ಮೊದಲು ಕಡೇಮನೆ ಅಜ್ಜಿ: "ಏಯ್, ಕೋಳಿ ಬುಟ್ಟಿ ಮೇಲ್ ಕಾಲಿಡ್ಬೇಡ ಕಣೋ ಮುಂಡೇದೆ." ಆಮೇಲೆ ಹಿಂದಿನ ಸೀಟಿನಿಂದ ಎಸ್ಟೇಟ್ ರೈಟರ ಗಂಟಲು. ಕಿಟಕಿಯ ಪಕ್ಕದಲ್ಲಿ ಒಂದು ಮಗು, ಅದರ ತಾಯಿ. ಬೀಡಿಯ ಕೆಮ್ಮು. ಚಿಲ್ಲರೆಗಾಗಿ ಜಗಳ. ನಾನು ಸೀಟಿನಿಂದ ಸೀಟಿಗೆ ಬಗ್ಗಿ ಓಡಾಡುತ್ತಾ ಒಬ್ಬೊಬ್ಬರನ್ನೂ ಅವರವರ ಹಳೆಯ ಜಾಗದಲ್ಲಿ ಕೂರಿಸಿದೆ. ಕಂಡಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕ. ಡ್ರೈವರು ಕನ್ನಡಿಯಲ್ಲಿ ನೋಡಿದ. ಅಜ್ಜಿಯ ದನಿಯಲ್ಲಿ "ಒಂದ್ ಬೆಳಗೋಡು ಕೊಡಪ್ಪ" ಎಂದಾಗ ಕಂಡಕ್ಟರ ಕೈ ತನ್ನಷ್ಟಕ್ಕೆ ಟಿಕೆಟಿನ ಕಟ್ಟಿಗೆ ಹೋಯಿತು. ಹೋದ ಕೈಯನ್ನು ಅವನೇ ನೋಡಿಕೊಂಡ, ನಗು ನಿಂತಿತು.

"ಸಾಕು ಸುಮ್ನಿರೋ" ಎಂದಳು ಅಕ್ಕ. ಅವಳು ಮೊದಲಿನಿಂದಲೂ ನಕ್ಕಿರಲಿಲ್ಲ. "ಎಲ್ರೂ ಸತ್ತೋದಂಗೆ ಕೇಳುಸ್ತೈತೆ."

ಅವರೆಲ್ಲ ಗಟ್ಟಿಮುಟ್ಟಾಗಿ ಬದುಕಿದ್ದರು. ನಮಗಿಂತ ಎರಡು ತಿರುವು ಮುಂದೆ, ಜೀಪಿನಲ್ಲಿ, ಒಬ್ಬರ ತೊಡೆಯ ಮೇಲೊಬ್ಬರು, ಉಸಿರು ಬಿಗಿಹಿಡಿದು ಇಳಿಯುತ್ತಿದ್ದರು. ಜನ ಅಲ್ಲಿ, ಅವರ ಮಾತು ಇಲ್ಲಿ. ಹಾಗೆ ಯೋಚಿಸಿದವನು ಹಿಂದಿನ ಸೀಟು ಬಿಟ್ಟು ಬಂದು ಅಕ್ಕನ ಪಕ್ಕ ಕೂತೆ.

"ಇನ್ನೊಂದ್ಸಲ ಮಾಡೋ" ಎಂದ ಕಂಡಕ್ಟರು, ಬೇರೆ ಕಡೆ ನೋಡುತ್ತಾ. ಮಾಡಿದೆ. ಆಮೇಲೆ ದಿನಾ ಕೇಳುತ್ತಿದ್ದ.

ಡಿಪೋದ ಸಾಹೇಬರು ಜನ ಎಣಿಸಲು ಬರುತ್ತಾರೆಂಬ ಸುದ್ದಿ ತಂದವನೂ ಅವನೇ. ನಾಳೆ ಬೆಳಗೋಡಿನ ಹತ್ತಿರ ರಸ್ತೆಯಲ್ಲಿ ನಿಂತಿರುತ್ತಾರೆ, ಬಸ್ಸಿನ ಹಣೆಬರಹ ಅಲ್ಲೇ. ಅಕ್ಕ ಸಂಜೆ ಮನೆಮನೆಗೂ ಹೋದಳು. "ಒಂದೇ ಒಂದು ದಿನ ಬಸ್ಸಿಗೆ ಬನ್ನಿ" ಎಂದಳು. ಎಲ್ಲರೂ ಬರುತ್ತೇವೆಂದರು, ಅವಳಿಗೆ ಕಾಫಿ ಕೊಟ್ಟರು. ಜೀಪಿನ ಅಣ್ಣನ ಮನೆಗೂ ಹೋಗಿ, "ನಾಳೆ ಒಂದಿನ ಸ್ಟಾಪಲ್ಲಿ ನಿಲ್ಸಿ ಕರೀಬೇಡಣ್ಣ" ಎಂದಳು. "ಅಯ್ಯೋ, ಅದಕ್ಕೇನವ್ವ" ಎಂದ.

ಬೆಳಿಗ್ಗೆ ಸ್ಟಾಪಿನಲ್ಲಿ ನಾವಿಬ್ಬರೇ. ಅಣ್ಣ ಮಾತಿಗೆ ತಪ್ಪಿರಲಿಲ್ಲ, ಸ್ಟಾಪಿನಲ್ಲಿ ನಿಲ್ಲಿಸಿರಲಿಲ್ಲವಂತೆ. ಜನವೇ ಅವನ ತೋಟದ ಗೇಟಿನ ಹತ್ತಿರ ಹೋಗಿ ಹತ್ತಿದ್ದರು. ದಿನಾ ಕರೆಯುವವನು ಇವತ್ತು ಕರೆಯಲಿಲ್ಲ, ಏನೋ ಬೇಜಾರಾಗಿದ್ದಾನೆ ಎಂದು ಅವರಿಗೆ ಕಸಿವಿಸಿಯಾಯಿತಂತೆ.

ಅಕ್ಕ ಕಿಟಕಿಯ ಪಕ್ಕ ಕೂತು ಬ್ಯಾಗನ್ನು ಎದೆಗೊತ್ತಿಕೊಂಡಳು. ಅವಳು ತುಟಿ ಕಚ್ಚಿಕೊಂಡದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಮಂಜು ಅವತ್ತು ಕೈ ಚಾಚಿದರೆ ಬೆರಳು ಕಾಣದಷ್ಟಿತ್ತು, ಗಾಜುಗಳೆಲ್ಲ ಬೆವರಿದ್ದವು. ಬೆಳಗೋಡು ಹತ್ತಿರವಾಗುತ್ತಿದ್ದಂತೆ ನಾನು ಶುರು ಮಾಡಿದೆ. ಮಗು, ಕೋಳಿ, ಕೆಮ್ಮು, ರೈಟರು, ಚಿಲ್ಲರೆ ಜಗಳ, ಯಾರದೋ ಮದುವೆಯ ಮಾತು. ಕಂಡಕ್ಟರು "ಒಳಗ್ ಹೋಗ್ರೀ, ಒಳಗ್ ಹೋಗ್ರೀ, ಜಾಗ ಐತೆ" ಎಂದು ಕೂಗಿದ, ಅವನಿಗೆ ನಾನು ಹೇಳಿಕೊಟ್ಟಿರಲಿಲ್ಲ. ಬಸ್ಸು ನಿಂತಿತು. ಹೊರಗೆ ಒಂದು ಛತ್ರಿಯ ನೆರಳು.

"ಪರವಾಗಿಲ್ವಲ್ರೀ, ಲೋಡೈತೆ" ಎಂಬ ದನಿ ಕೇಳಿಸಿತು. ಬಾಗಿಲು ತೆರೆಯಿತು, ಸಾಹೇಬರು ಒಂದು ಕಾಲು ಒಳಗಿಟ್ಟರು.

ನಾನು ಬಾಯಿ ಮುಚ್ಚಿದ ಕ್ಷಣವೇ ಇಡೀ ಬಸ್ಸು ಸುಮ್ಮನಾಯಿತು. ಅಷ್ಟು ಜನ ಒಟ್ಟಿಗೇ ಇಲ್ಲವಾಗುವುದನ್ನು ನಾನೂ ಅವತ್ತೇ ಕೇಳಿದ್ದು. ಸಾಹೇಬರು ಸಾಲುಸಾಲಾಗಿ ಸೀಟುಗಳನ್ನು ನೋಡಿದರು. ಬಗ್ಗಿ ಕೆಳಗೂ ನೋಡಿದರು. ಇನ್ನೊಂದು ಕಾಲನ್ನು ಮೆಟ್ಟಿಲ ಮೇಲಿಂದ ಎತ್ತಲೇ ಇಲ್ಲ.

"ಎಲ್ರೀ ಅವ್ರು?"

"ಯಾರು ಸಾರ್?" ಎಂದ ಕಂಡಕ್ಟರು.

"ಈಗ... ಮಗು ಅಳ್ತಿತ್ತಲ್ರೀ."

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅಕ್ಕನೇ ಎದ್ದು ನಿಂತಳು.

"ನಮ್ ತಮ್ಮ ಸಾರ್, ಮಿಮಿಕ್ರಿ ಮಾಡ್ತಾನೆ. ಇರೋದು ನಾವಿಬ್ರೇ. ಆದ್ರೆ ನಂಗೆ ಈ ಬಸ್ ಬೇಕೇ ಬೇಕು ಸಾರ್. ಸಂಜೆ ಬರಕ್ಕೆ ಬೇರೆ ದಾರಿ ಇಲ್ಲ. ನನ್ ಕೆಲ್ಸ ಹೋಗ್ತದೆ."

ಸಾಹೇಬರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮನುಷ್ಯಳೇ ಎಂದು ಖಾತ್ರಿಪಡಿಸಿಕೊಂಡ ಹಾಗಿತ್ತು. "ನಂಗೂ ನಿಮ್ ವಯಸ್ಸಿನ ಮಗಳಿದಾಳಮ್ಮ. ಇಬ್ರಿಗೋಸ್ಕರ ಇಷ್ಟು ದೊಡ್ಡ ಗಾಡಿ ಹತ್ತಿಸಿ ಇಳಿಸಕ್ಕೆ ಡೀಸೆಲ್ ಎಲ್ಲಿಂದ ತರ್ಲಿ? ರೇಟ್ ನೋಡಿದೀರಲ್ಲ. ಶನಿವಾರದವರೆಗೆ ಓಡ್ಸಕ್ಕೆ ಹೇಳ್ತೀನಿ. ಅಷ್ಟೇ ನನ್ ಕೈಲಿರೋದು." ಇಳಿಯುವ ಮುಂಚೆ ಇನ್ನೊಂದು ಸಲ ಹಿಂದಿನ ಸೀಟಿನ ಕಡೆ ಕಣ್ಣು ಹಾಯಿಸಿದರು.

ಮನೆಯಲ್ಲಿ ಅಪ್ಪ, "ನಾನ್ ಬಿಡ್ತೀನಿ ಬಿಡು ವ್ಯಾನಲ್ಲಿ, ದಿನಾ" ಎಂದರು. ಅಕ್ಕ "ಪೆಟ್ರೋಲು?" ಎಂದಳು. ಅಪ್ಪ ಊಟದ ತಟ್ಟೆಯ ಮೇಲೆ ಬೆರಳಿನಿಂದ ಏನೋ ಗೀಚುತ್ತಾ ಕೂತರು. "ಹಂಗಾರೆ ವಾರದಲ್ಲಿ ಎರಡು ದಿನ" ಎಂದರು. "ರಕ್ತ ದಿನಾ ತಗೀಬೇಕಪ್ಪ" ಎಂದಳು ಅಕ್ಕ. "ಕೆಲ್ಸ ಬುಟ್ಬುಡು ಅಂದೆ, ಕೇಳಲ್ಲ ನೀನು" ಎಂದು ಅಪ್ಪ ಎದ್ದು ಕೈ ತೊಳೆದರು. ಅಲ್ಲಿಗೆ ಮಾತು ಮುಗಿದ ಹಾಗೆ ಕಂಡಿತು.

ಶನಿವಾರ ಅಕ್ಕ ನನ್ನನ್ನು ಎಬ್ಬಿಸಲಿಲ್ಲ. ಎದ್ದಾಗ ಅವಳ ಹಾಸಿಗೆ ಮಡಚಿಟ್ಟಿತ್ತು, ಬಸ್ಸು ಹೋಗಿತ್ತು.

ಸಂಜೆ ಕೊನೆಯ ಟ್ರಿಪ್ಪು. ಅವಳನ್ನು ಕರೆತರಲು ನಾನು ಸ್ಟಾಪಿಗೆ ಹೋದೆ. ಯಾವತ್ತೂ ಬಾರದ ಅಪ್ಪ ಅವತ್ತು ಟಾರ್ಚು ಹಿಡಿದು ನನ್ನ ಹಿಂದೆ ಬಂದರು. ಕೆಳಗಿನ ತಿರುವುಗಳಲ್ಲಿ ಎಂಜಿನ್ ನರಳುವುದು ಬಹಳ ಹೊತ್ತು ಕೇಳಿಸಿತು, ಬಸ್ಸು ಕಾಣಲಿಲ್ಲ. ಆಮೇಲೆ ಮಂಜೇ ಹಳದಿಯಾಯಿತು. ಬಸ್ಸು ಬಂದು ನಿಂತಿತು, ಲೈಟೆಲ್ಲ ಉರಿಯುತ್ತಿತ್ತು. ಒಳಗೆ ಒಂದು ನರಪಿಳ್ಳೆಯಿಲ್ಲ.

ಕಂಡಕ್ಟರು ಇಳಿದು ಒಂದು ಊಟದ ಡಬ್ಬಿ ಕೊಟ್ಟ. ತೊಳೆದಿತ್ತು, ಹಗುರವಾಗಿತ್ತು.

"ನಿಮ್ಮಕ್ಕ ಕೊಟ್ಟವ್ಳೆ. ಲ್ಯಾಬಲ್ಲಿ ಕುಂದೂರು ಕಡೆ ಹುಡುಗಿ ಒಬ್ಳು ರೂಮ್ ಮಾಡವ್ಳಂತಲ್ಲ, ಅವ್ಳ್ ಜೊತೆ ಇರ್ತೀನಿ ಅಂತ ಹೇಳು ಅಂದ್ಲು. ಅಪ್ಪಂಗೂ ಹೇಳು ಅಂದ್ಲು."

ಅಪ್ಪನಿಗೆ ಹೇಳುವ ಅಗತ್ಯವಿರಲಿಲ್ಲ, ಪಕ್ಕದಲ್ಲೇ ನಿಂತಿದ್ದರು. ಬೈಯುತ್ತಾರೆಂದು ಕಾದೆ. ಅವರು ಟಾರ್ಚಿನ ಬೆಳಕನ್ನು ಬಸ್ಸಿನ ಒಂದೊಂದು ಕಿಟಕಿಗೂ ಹಿಡಿದು, ಕೊನೆಯ ಕಿಟಕಿಯವರೆಗೆ ನಡೆದು, ವಾಪಸು ಬಂದರು. ಟಾರ್ಚನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದರು.

"ಅಪ್ಪ, ವಾಪಸ್ ಹೆಂಗ್ ಬರ್ತೀಯ? ಇದೇ ಕೊನೇದು."

"ಎಲ್ಲಿರ್ತಾಳೆ ಅಂತ ನೋಡ್ಬೇಡ್ವೇನೋ?" ಎಂದರು.

ಅಷ್ಟೊಂದು ಸೀಟಿನಲ್ಲಿ ಯಾವುದರಲ್ಲಿ ಕೂರಬೇಕೆಂದು ಅವರಿಗೆ ತಿಳಿಯಲಿಲ್ಲ. ಕೊನೆಗೆ ನಡುವಿನ ಒಂದರಲ್ಲಿ ಕೂತು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು ಕಿಟಕಿಗೆ ಒತ್ತಿಕೊಂಡರು. ಬಸ್ಸು ತಿರುಗಿತು. ಎದುರಿಗೆ ಯಾರೋ ಕೂತಿದ್ದಾರೇನೋ ಎಂಬ ಹಾಗೆ ಅವರು ಮುಂದಿನ ಸೀಟನ್ನೇ ನೋಡುತ್ತಿದ್ದರು. ಹಳದಿ ಬೆಳಕು ಒಂದು ತಿರುವಿನವರೆಗೆ ಕಂಡಿತು.

ಭಾನುವಾರ ಮಧ್ಯಾಹ್ನ ಅಪ್ಪ ನಡೆದುಕೊಂಡು ಬಂದರು. ಚಪ್ಪಲಿ ಕೈಯಲ್ಲಿತ್ತು, ಹಿಮ್ಮಡಿ ಒಡೆದಿತ್ತು. ಅಮ್ಮ ಬಿಸಿನೀರು ತಂದಿಟ್ಟಳು.

"ಜೀಪಲ್ ಬರ್ಬೋದಿತ್ತಲ್ಲ?" ಎಂದೆ.

"ಕೂತಿದ್ದೆ. ತುಂಬ್ಲಿಲ್ಲ." ಕಾಲನ್ನು ನೀರಿಗಿಳಿಸಿ ಕಣ್ಣು ಮುಚ್ಚಿದರು. ಆಮೇಲೆ ಅಮ್ಮನಿಗೆ ಹೇಳಿದರು, "ರೂಮಿಂದ ಲ್ಯಾಬಿಗೆ ನಾಲ್ಕು ಹೆಜ್ಜೆ ಕಣೇ. ನಲ್ಲೀಲಿ ಬೆಳಗಾಗೆದ್ದೇ ನೀರು ಬರ್ತೈತೆ. ಕಿಟಕಿಗೊಂದು ಚಿಲ್ಕ ಇಲ್ಲ, ಮುಂದಿನ ವಾರ ಹೋಗಿ ಹಾಕ್ಕೊಟ್ಟು ಬರ್ತೀನಿ."